ಮೂರನೇ ಬೇಸಿನಲ್ಲಿ ನಿಂತ ಹೋಮ್ ರನ್

ಶಿರೊತಾನಿ
ಫೆಬ್ರವರಿ 11, 1973

ಪ್ರಿಯ ಕುರೊಗಿ,

ಹೊಸ ವರ್ಷಕ್ಕೆ ನೀನು ಕಳಿಸಿದ ಒಣಮೀನು ತಲುಪಿತು. ಪ್ರತಿ ವರ್ಷ ನೀನು ಏನಾದರೂ ಕಳಿಸುತ್ತೀ, ಪ್ರತಿ ವರ್ಷ ನಾನು ನಾಲ್ಕು ಸಾಲಿನ ಕಾರ್ಡು ಬರೆದು ಸುಮ್ಮನಾಗುತ್ತೇನೆ. ಈ ಸಲ ದೊಡ್ಡ ಕಾಗದವನ್ನೇ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನಿಂದ ಕೆಲಸವಾಗಬೇಕು.

ಗಣಿ ಸೆಪ್ಟೆಂಬರಿಗೆ ಮುಚ್ಚುತ್ತದೆ. ಪತ್ರಿಕೆಯಲ್ಲಿ ನೋಡಿರುತ್ತೀ. ಗಣಿ ಹೋದ ಮೇಲೆ ಬೇಸ್‌ಬಾಲ್ ತಂಡ ಎಲ್ಲಿಂದ ಬರಬೇಕು? ಅದಕ್ಕೆ ಮುಂಚೆ ತಂಡದ ನೆನಪಿಗೊಂದು ಪುಸ್ತಕ ತರಬೇಕೆಂದು ಸಮಿತಿಯವರು ಹೊರಟಿದ್ದಾರೆ. ಅಧ್ಯಕ್ಷ ಮಿಜೊಕಾಮಿ. ಅದೇ, ಚೆಂಡೆಸೆಯುತ್ತಿದ್ದ ನಿಮ್ಮ ಹಳೆಯ ಪಿಚರ್, ಈಗ ಬೋಳುತಲೆ. ಗೆದ್ದ ಆಟಗಳ ಪುಸ್ತಕ ಮಾಡಿದರೆ ಎರಡು ಹಾಳೆಗೆ ಮುಗಿಯುತ್ತದೆ, ಹೋಮ್ ರನ್ನುಗಳ ಪುಸ್ತಕ ಮಾಡೋಣ ಎಂದು ಅವನೇ ಹೇಳಿದ. ಸೋತ ಆಟದಲ್ಲೂ ಬೇಲಿಯಾಚೆ ಹೋದ ಚೆಂಡು ಜನರಿಗೆ ನೆನಪಿರುತ್ತದೆ ಎಂಬುದು ಅವನ ವಾದ. ಕೆಲಸ ನನ್ನ ತಲೆಗೆ ಬಂತು. ತಂಡದ ಸ್ಕೋರ್ ಬರೆಯುತ್ತಿದ್ದವರು ನಮ್ಮ ಯಜಮಾನರು, ಪುಸ್ತಕಗಳೆಲ್ಲ ನಮ್ಮ ಮನೆಯ ಕಪಾಟಿನಲ್ಲಿವೆ. ಅವರು ಹೋಗಿ ಹದಿನಾಲ್ಕು ವರ್ಷ ದಾಟಿತು. ಇಷ್ಟು ದಿನ ಒಬ್ಬರೂ ಅವುಗಳನ್ನು ಕೇಳಿಕೊಂಡು ಬಂದಿರಲಿಲ್ಲ.

ಅವರು ಬದುಕಿದ್ದಾಗ ಈ ಆಟ ನನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಈಗ ಓದಲು ಕಲಿತಿದ್ದೇನೆ. ಬ್ಯಾಟು ಹಿಡಿದವನಿಗೆ ಪುಟದಲ್ಲೊಂದು ಚೌಕದ ಮನೆ, ಆ ಮನೆಯೊಳಗೆ ಒಂದು ಪುಟ್ಟ ವಜ್ರದ ಆಕಾರ. ಒಂದೊಂದು ಬೇಸ್ ಮುಟ್ಟಿದಾಗ ಒಂದೊಂದು ಗೆರೆ. ನಾಲ್ಕನೆಯದು, ಅಂದರೆ ಹೋಮ್ ಬೇಸ್, ಮುಟ್ಟಿದರೆ ಗೆರೆಗಳು ಕೂಡಿಕೊಳ್ಳುತ್ತವೆ. ಚೆಂಡು ಬೇಲಿ ದಾಟಿದರೂ ಹೊಡೆದವನು ನಾಲ್ಕೂ ಬೇಸ್ ಮುಟ್ಟಿ ಬಂದರೇ ರನ್. ಇಷ್ಟನ್ನು ಕಲಿಯಲು ಒಂದು ವಾರ ಹಿಡಿಯಿತು ಎಂದರೆ ನಗುತ್ತೀ.

ಸಿಕ್ಕಿದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. 1949ರಲ್ಲಿ ಫುರುಶೊ ಹೊಡೆದ ಚೆಂಡು ಊರಿನ ಹೆಂಗಸರ ಸಾರ್ವಜನಿಕ ಸ್ನಾನದ ಮನೆಯ ಕಿಟಕಿ ಒಡೆದು ತೊಟ್ಟಿಗೆ ಬಿತ್ತು. ಇದನ್ನು ನನಗೆ ಯಾರೂ ಹೇಳಬೇಕಿಲ್ಲ, ತೊಟ್ಟಿಯಲ್ಲಿ ನಾನೂ ಇದ್ದೆ. 1952ರಲ್ಲಿ ಮಿಜೊಕಾಮಿ ಕಣ್ಣು ಮುಚ್ಚಿಕೊಂಡು ಹೊಡೆದದ್ದು, ಅವನ ಜೀವಮಾನದ ಒಂದೇ ಒಂದು. 1955ರಲ್ಲಿ ನೀನು ಹೊಡೆದ ಚೆಂಡು, ಗಣಿಯ ಕಲ್ಲುಕಸ ಹೊತ್ತು ತಂತಿಯ ಮೇಲೆ ಸಾಗುವ ಬುಟ್ಟಿಯೊಳಗೆ ಬಿದ್ದು ಕಸದ ಗುಡ್ಡದ ತುದಿಯವರೆಗೆ ಹೋದದ್ದು.

ಇನ್ನೊಂದಿದೆ. 1958, ಸೆಪ್ಟೆಂಬರ್ 28. ಆ ಪುಟದ ಅಕ್ಷರ ನಮ್ಮವರದಲ್ಲ, ಬೇರೆ ಯಾರೋ ಬರೆದಿದ್ದಾರೆ. ನದಿಯಾಚೆಯ ಗಣಿ ತಂಡದ ಮೇಲೆ ಆಟ. ಕೊನೆಯ ಇನಿಂಗ್ಸು, ನಾವು ಒಂದು ರನ್ ಹಿಂದೆ. ನೀನು ಎಡಗಡೆ ಬೇಲಿಯಾಚೆ ಹೊಡೆದೆ. ನಿನ್ನ ಮುಂದೆ ಓಡುತ್ತಿದ್ದ ಫುರುಶೊನ ನಾಲ್ಕೂ ಗೆರೆ ಇವೆ. ನಿನ್ನ ಮನೆಯಲ್ಲಿ ಮೂರೇ ಗೆರೆ. ಅಲ್ಲಿಗೆ ಬರಹ ನಿಂತಿದೆ.

ಸಮಿತಿಯಲ್ಲಿ ಇದೇ ಜಗಳ. ನೀನು ಹೋಮ್ ಬೇಸ್ ಮುಟ್ಟಿದೆಯೋ ಇಲ್ಲವೋ? ಮುಟ್ಟಿದ್ದರೆ ಆ ಆಟ ನಾವು ಗೆದ್ದ ಹಾಗೆ. ಒಂದು ಸಾಲು ಬರೆದು ತಿಳಿಸು.

ಎಗಾಶಿರ ಮಾತ್ಸುನೊ


ಸಕಾಯಿ
ಫೆಬ್ರವರಿ 20

ಅಕ್ಕ,

ನಿಮ್ಮ ಕಾಗದ ಓದಿ ಬಹಳ ದಿನದ ಮೇಲೆ ನಕ್ಕೆ. ಇಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಎಲ್ಲ ಎಂದಿನಂತೆ. ಕೆಲಸ ಜಾಸ್ತಿ, ಆರೋಗ್ಯ ಚೆನ್ನಾಗಿದೆ.

ಮಿಜೊಕಾಮಿ ಕಣ್ಣು ಮುಚ್ಚಿ ಹೊಡೆದದ್ದಲ್ಲ. ಅವನಿಗೆ ಸೀನು ಬಂದಿತ್ತು. ಸೀನಿದ, ಬ್ಯಾಟು ತಾನಾಗಿ ತಿರುಗಿತು, ಚೆಂಡು ಹೋಯಿತು. ಬೇಸುಗಳ ಸುತ್ತ ಓಡುತ್ತ ಮೂಗು ಒರೆಸಿಕೊಳ್ಳುತ್ತಿದ್ದ. ಜನ ಅಳುತ್ತಿದ್ದಾನೆ ಎಂದುಕೊಂಡರು. ಇದನ್ನು ಪುಸ್ತಕದಲ್ಲಿ ಹಾಕಿ, ಅಧ್ಯಕ್ಷನಾದರೇನಂತೆ.

ಬುಟ್ಟಿಯ ಚೆಂಡಿನ ವಿಷಯ: ನಿಮ್ಮ ಯಜಮಾನರು ಅದನ್ನು ಸುಮ್ಮನೆ ಬಿಡಲಿಲ್ಲ. ಗಣಿಯ ಅಳತೆಯವರನ್ನು ಕರೆದುಕೊಂಡು ಹೋಗಿ ಗುಡ್ಡದ ತುದಿಯವರೆಗೆ ಅಳೆಸಿದರು. ‘ಇದನ್ನ ದೂರದ ಲೆಕ್ಕದಲ್ಲಿ ಬರೀಲೋ ಎತ್ತರದ ಲೆಕ್ಕದಲ್ಲಿ ಬರೀಲೋ’ ಎಂದು ಗಂಭೀರವಾಗಿ ನನ್ನನ್ನೇ ಕೇಳಿದ್ದರು. ಆಟ ನೋಡುವಾಗ ಅವರು ಒಂದು ಸಲವೂ ಚಪ್ಪಾಳೆ ತಟ್ಟಿದವರಲ್ಲ. ಪೆನ್ಸಿಲು ಹಿಡಿದ ಕೈಗೆ ಬೇರೆ ಕೆಲಸ ಇರಬಾರದು ಎನ್ನುತ್ತಿದ್ದರು.

1958ರದ್ದನ್ನು ಬಿಟ್ಟುಬಿಡಿ. ಪೂರ್ತಿಯಾಗದ ಆಟ ಅದು. ಹೋಮ್ ರನ್ ಅಂತ ಕರೆಯುವ ಹಾಗಿಲ್ಲ. ಬೇಕಾದರೆ 1956ರಲ್ಲಿ ಫುರುಶೊ ಹೊಡೆದ ಇನ್ನೊಂದಿದೆ, ಅದನ್ನು ಹಾಕಿ.

ಚಳಿ ಇದೆ, ಜೋಪಾನ.

ಕುರೊಗಿ


ಶಿರೊತಾನಿ
ಮಾರ್ಚ್ 4

ಪ್ರಿಯ ಕುರೊಗಿ,

ಸೀನಿನ ಕಥೆಯನ್ನು ಸಮಿತಿಯಲ್ಲಿ ಓದಿದೆ. ಮಿಜೊಕಾಮಿ ಬಿಟ್ಟು ಉಳಿದವರೆಲ್ಲ ಚಹಾ ಚೆಲ್ಲಿಕೊಂಡರು. ನಮ್ಮವರು ಗುಡ್ಡ ಅಳೆಸಿದ್ದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಓದಿದ ದಿನ ಅಡುಗೆ ಮಾಡಲು ಮನಸ್ಸಾಗಲಿಲ್ಲ.

ನೀನು ಮೊದಲಿನಿಂದಲೂ ನಾಚಿಕೆಯವನು. ನಮ್ಮ ಮನೆಗೆ ಊಟಕ್ಕೆ ಬಂದರೂ ಎರಡನೇ ಬಟ್ಟಲು ಅನ್ನ ಕೇಳಿದವನಲ್ಲ. ಈಗಲೂ ಹಾಗೇ ಮಾಡುತ್ತಿದ್ದೀ ಎಂದುಕೊಂಡೆ. ಆದರೆ ಊರಲ್ಲಿ ಯಾರನ್ನು ಕೇಳಿದರೂ ಮೊದಲು ಬರುವುದು ನಿನ್ನ ಆ ಹೊಡೆತವೇ. ಅದನ್ನು ಬಿಟ್ಟರೆ ಪುಸ್ತಕ ಯಾತಕ್ಕೆ ಎನ್ನುತ್ತಾರೆ.

ಆದ್ದರಿಂದ ತೊಕುನಾಗ ಅಜ್ಜನ ಬಳಿ ಹೋದೆ. ಆ ದಿನ ಮೂರನೇ ಬೇಸಿನ ಪಕ್ಕ ನಿಂತು ಓಡುವವರಿಗೆ ಕೈ ಬೀಸುತ್ತಿದ್ದವರು ಅವರೇ. ಈಗ ಎಪ್ಪತ್ತನಾಲ್ಕು ವರ್ಷ, ಕಿವಿ ಮಂದ, ಆದರೆ ನೆನಪು ಚುರುಕು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

‘ಬಾ ಬಾ ಅಂತ ಕೈ ಬೀಸ್ತಾ ಇದ್ದೆ ಕಣಮ್ಮ. ಆಗ ಸೈರನ್ ಕೂಗ್ತು. ನಾವು ಗೆದ್ವಿ ಅಂತ ಯಾರೋ ಖುಷೀಲಿ ಕೂಗಿಸ್ತಿದಾರೆ ಅಂದ್ಕೊಂಡ್ವಿ ಎಲ್ರೂ. ಅವನು ಮಾತ್ರ ನಿಂತ್ಬಿಟ್ಟ. ನನ್ನ ಮುಖ ನೋಡ್ದ. ಆಮೇಲೆ ನನ್ನ ಪಕ್ಕದಲ್ಲೇ ಹಗ್ಗ ಹಾರಿ ಗಣಿ ಕಡೆಗೆ ಓಡ್ದ. ಇನ್ನೂ ಯಾರಿಗೂ ಏನೂ ಗೊತ್ತಿರ್ಲಿಲ್ಲ. ಅವನಿಗೆ ಕೆಳಗೆ ಯಾರಿದ್ರು? ಅಣ್ಣ ಇಲ್ಲ, ತಮ್ಮ ಇಲ್ಲ. ಯಾರಿಗೋಸ್ಕರ ಓಡ್ದ ಅಂತ ನಾನು ಇವತ್ತಿಗೂ ಯೋಚಿಸ್ತೀನಿ.’

ಮುಟ್ಟಲಿಲ್ಲ ಎಂಬುದು ಇದರಿಂದ ಗೊತ್ತಾಯಿತು. ಆದರೆ ಅಜ್ಜನ ಪ್ರಶ್ನೆ ಈಗ ನನ್ನದೂ ಆಗಿದೆ. ಯಾರಿಗೋಸ್ಕರ ಓಡಿದೆ, ಕುರೊಗಿ?

ಮಾತ್ಸುನೊ


(ಅಂಚೆ ಕಾರ್ಡು)
ಸಕಾಯಿ
ಮಾರ್ಚ್ 17

ಅಕ್ಕ,

ಕೆಲಸದ ಒತ್ತಡ. ಇಲ್ಲಿ ಪ್ಲಮ್ ಹೂ ಉದುರಿ ಮುಗಿಯಿತು. ಗಣಿಯವರು ಸೈರನ್ ಕೇಳಿದರೆ ಓಡುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ದಯವಿಟ್ಟು ಆ ಆಟವನ್ನು ಪುಸ್ತಕಕ್ಕೆ ಹಾಕಬೇಡಿ. ಕೈಮುಗಿದು ಕೇಳುತ್ತೇನೆ.

ಕುರೊಗಿ


ಶಿರೊತಾನಿ
ಏಪ್ರಿಲ್ 22

ಪ್ರಿಯ ಕುರೊಗಿ,

ನಿನ್ನ ಕಾರ್ಡು ಬರುವಷ್ಟರಲ್ಲಿ ಹಸ್ತಪ್ರತಿ ಮುದ್ರಣಕ್ಕೆ ಹೋಗಿತ್ತು. ಮಿಜೊಕಾಮಿಯ ಮನೆಗೆ ಹೋಗಿ ಕೇಳಿಕೊಂಡೆ. ಅವನು ಕೆಟ್ಟವನಲ್ಲ. ‘ಅತ್ತಿಗೆ, ಗಣಿ ಹೋಗ್ತಿದೆ, ಮೈದಾನ ಹೋಗ್ತಿದೆ, ಅರ್ಧ ಊರು ಆಗ್ಲೇ ಖಾಲಿ. ಇದೊಂದನ್ನ ಜನರ ಕೈಗೆ ಕೊಡೋಣ ಬಿಡಿ’ ಎಂದ. ಅವನ ಅಣ್ಣನೂ ಅಂದು ಗಣಿಯಲ್ಲಿ ನಮ್ಮವರ ಜೊತೆ ಸತ್ತ ಇಪ್ಪತ್ತಾರು ಜನರಲ್ಲಿ ಒಬ್ಬ. ಎದ್ದು ಬಂದೆ.

ಪುಸ್ತಕ ಇದರ ಜೊತೆಗಿದೆ. ಹದಿನೇಳನೇ ಪುಟ. ನಾನು ಬರೆದದ್ದು ಹೀಗಿರಲಿಲ್ಲ. ‘ಗೆಲುವಿನ ಹೊಡೆತ’ ಎಂಬ ತಲೆಬರಹ ಅವರೇ ಹಾಕಿದ್ದಾರೆ. ಸ್ಫೋಟದ ವಿಷಯ ಕೊನೆಗೊಂದು ಸಾಲು ಇದೆ. ನಿನ್ನ ಫೋಟೋ ಚೆನ್ನಾಗಿ ಬಂದಿದೆ.

ಪುಸ್ತಕದ ಮಾತು ಇಲ್ಲಿಗೆ ಸಾಕು. ನನ್ನ ಒಂದು ಪ್ರಶ್ನೆಯಿದೆ. ಅದನ್ನು ಹದಿನಾಲ್ಕು ವರ್ಷದಿಂದ ಯಾರಲ್ಲೂ ಕೇಳಿಲ್ಲ. ಆ ಭಾನುವಾರ ನಮ್ಮವರಿಗೆ ರಜೆ. ರಜೆಯಿದ್ದ ಭಾನುವಾರ ಅವರು ಮೈದಾನದಲ್ಲಿರಬೇಕಿತ್ತು. ಅವರು ಇರಲಿಲ್ಲ ಎಂಬುದಕ್ಕೆ ಆ ಪುಟದ ಅಕ್ಷರವೇ ಸಾಕ್ಷಿ. ವಿಶೇಷ ಪಾಳಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ ಎಂದು ಆಮೇಲೆ ಕಚೇರಿಯ ಒಬ್ಬಾಕೆ ಹೇಳಿದ್ದಳು. ಹಾಗಿದ್ದ ಮೇಲೆ ಅವರು ಏಕೆ ಕೆಳಗಿಳಿದರು?

ನಿನಗೆ ಗೊತ್ತು ಎಂದು ನನಗೆ ಅನ್ನಿಸುತ್ತಿದೆ. ಗೊತ್ತಿದ್ದರೆ ಹೇಳು.

ಮಾತ್ಸುನೊ


ಸಕಾಯಿ
ಮೇ 9

ಅಕ್ಕ,

ನಿಮ್ಮನ್ನು ಹೀಗೆ ಕರೆಯುವುದು ಇದೇ ಕೊನೆಯಾಗಬಹುದು. ಆದ್ದರಿಂದ ಮೊದಲು ಕರೆದುಬಿಟ್ಟೆ.

ಯಜಮಾನರು ಇಳಿದದ್ದು ನನ್ನ ಪಾಳಿಗೆ.

ಆಟಗಾರರಿಗೆ ಆಟದ ದಿನ ಪಾಳಿ ಇರುತ್ತಿರಲಿಲ್ಲ, ನಿಮಗೆ ಗೊತ್ತು. ಆ ತಿಂಗಳು ಹೊಸ ಮೇಸ್ತ್ರಿ ಬಂದಿದ್ದ. ಭಾನುವಾರದ ವಿಶೇಷ ಪಾಳಿಗೆ ನನ್ನ ಹೆಸರು ಹಾಕಿದ. ಕೇಳಿದ್ದಕ್ಕೆ, ‘ಆಡೋದಾದ್ರೆ ಆಡು, ನಿನ್ನ ಜಾಗಕ್ಕೆ ಒಬ್ಬನ್ನ ತಂದು ನಿಲ್ಸು’ ಎಂದ. ಬೆಳಿಗ್ಗೆ ನಾಲ್ಕು ಮನೆಗೆ ಹೋದೆ. ಒಬ್ಬರಿಗೆ ಜ್ವರ, ಒಬ್ಬರ ಮನೆಯಲ್ಲಿ ನೆಂಟರು, ಇನ್ನಿಬ್ಬರು ಬಾಗಿಲೇ ತೆಗೆಯಲಿಲ್ಲ. ಸೋತು ವಾಪಸು ಬರುತ್ತಿದ್ದಾಗ ಬಾವಿಕಟ್ಟೆಯ ಹತ್ತಿರ ಯಜಮಾನರು ಸಿಕ್ಕರು. ಅವರನ್ನು ಕೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಸ್ಕೋರರ್ ಇಲ್ಲದೆ ಆಟ ಹೇಗೆ? ಆದರೂ ಬಾಯಿಂದ ಬಂತು. ಅವರು ಕೂಡಲೇ ಆಗಲಿ ಎಂದರು. ಪೆನ್ಸಿಲನ್ನೂ ಪುಸ್ತಕವನ್ನೂ ನನ್ನ ಕೈಗೆ ಕೊಟ್ಟು, ಯಾರಾದರೂ ಅಕ್ಷರ ಚೆನ್ನಾಗಿರುವವರ ಕೈಯಲ್ಲಿ ಬರೆಸು ಎಂದರು.

ನನ್ನ ಹೆಸರಿನ ಬಿಲ್ಲೆಯನ್ನೇ ಹಲಗೆಗೆ ತೂಗುಹಾಕಿ ಇಳಿದರು. ಸೈರನ್ ಕೂಗಿದಾಗ ನನಗೆ ಅದು ಗೆಲುವಿನದಲ್ಲ ಎಂದು ಹೇಗೆ ಗೊತ್ತಾಯಿತೋ ತಿಳಿಯದು. ಗಣಿಯ ಬಾಯಿಗೆ ಹೋದಾಗ ಕೆಳಗಿರುವವರ ಹಲಗೆಯಲ್ಲಿ ನನ್ನ ಹೆಸರು ತೂಗುತ್ತಿತ್ತು. ನಾನು ಆಟದ ಬಟ್ಟೆಯಲ್ಲಿ ಅದರೆದುರು ನಿಂತಿದ್ದೆ. ಇಳಿಯುವವರಿಗೆ ದೀಪ ಕೊಡುವ ಕೋಣೆಯ ಮುದುಕಿ ನನ್ನನ್ನು ನೋಡಿ, ಏನೂ ಕೇಳದೆ ಬಿಲ್ಲೆ ತೆಗೆದು ಯಜಮಾನರ ಹೆಸರಿನದನ್ನು ಹಾಕಿದಳು. ಮೇಸ್ತ್ರಿಯೂ ಕೆಳಗೇ ಸತ್ತ. ಗೊತ್ತಿದ್ದವರು ಆ ಮುದುಕಿ ಮತ್ತು ನಾನು ಇಬ್ಬರೇ. ಅವಳೂ ಈಗಿಲ್ಲ.

ಮೂರು ದಿನ ನೀವು ಗಣಿಯ ಬಾಯಲ್ಲಿ ಕೂತಿದ್ದಿರಿ. ನಾನು ನಿಮ್ಮ ಹಿಂದೆಯೇ ಇದ್ದೆ. ಪ್ರತಿ ಗಂಟೆಗೂ ಈಗ ಹೇಳುತ್ತೇನೆ ಎಂದುಕೊಂಡೆ. ನೀವು ತಿರುಗಿ ನನಗೆ ಅನ್ನದ ಉಂಡೆ ಕೊಟ್ಟಿರಿ, ‘ನೀನಾದ್ರೂ ಉಳ್ಕೊಂಡ್ಯಲ್ಲ’ ಎಂದಿರಿ. ಆಮೇಲೆ ನನ್ನಿಂದ ಆಗಲಿಲ್ಲ. ಆ ಚಳಿಗಾಲವೇ ಊರು ಬಿಟ್ಟೆ.

ಕ್ಷಮೆ ಕೇಳುವ ಮುಖ ನನಗಿಲ್ಲ.

ಕುರೊಗಿ ಹಿದೆಮಿ


ಶಿರೊತಾನಿ
ಜುಲೈ 1

ಕುರೊಗಿ ಅವರಿಗೆ,

ನಿಮ್ಮ ಕಾಗದ ತಲುಪಿ ಏಳು ವಾರವಾಯಿತು. ಉತ್ತರ ಬರೆಯಲು ಕೂತು ಎದ್ದಿದ್ದೇನೆ, ಎಷ್ಟು ಸಲ ಎಂದು ಹೇಳಲಾರೆ.

ಮೊದಲ ವಾರ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೆ. ನೀವು ಕಳಿಸಿದ ಒಣಮೀನನ್ನು ಇಷ್ಟು ವರ್ಷ ಅವರ ಪಟದೆದುರು ಇಟ್ಟು ಆಮೇಲೆ ತಿಂದಿದ್ದೇನೆ. ನಿಮ್ಮನ್ನಾದರೂ ಅಂದು ಉಳಿಸಿಕೊಟ್ಟೆಯಲ್ಲ ಎಂದು ದೇವರಿಗೆ ಕೈಮುಗಿದವಳು ನಾನು.

ಆಮೇಲೆ ಆ ಸಿಟ್ಟು ಕೈಯಲ್ಲಿ ನಿಲ್ಲಲಿಲ್ಲ. ಏಕೆಂದರೆ ನಾನೂ ಒಂದು ಮಾತು ಮುಚ್ಚಿಟ್ಟುಕೊಂಡೇ ನಿಮ್ಮನ್ನು ಕೇಳಿದ್ದೆ.

ಆ ಬೆಳಿಗ್ಗೆ ನಮ್ಮಲ್ಲಿ ಜಗಳವಾಗಿತ್ತು. ಭಾನುವಾರ ಬಂದರೆ ಅವರು ನನ್ನವರಲ್ಲ, ಮೈದಾನದವರು. ಎಷ್ಟೋ ವರ್ಷದ ಹಿಂದೆ ನಮ್ಮ ಮಗು ತೀರಿಕೊಂಡ ದಿನವೇ ಅಂದು. ಮೂರು ತಿಂಗಳು ಮಾತ್ರ ಬದುಕಿದ್ದ ಹೆಣ್ಣು ಕೂಸು, ನಿಮಗೆ ಗೊತ್ತಿರಲಿಕ್ಕಿಲ್ಲ. ಗುಡಿಗೆ ಒಟ್ಟಿಗೆ ಹೋಗೋಣ ಎಂದೆ. ಆಟ ಮುಗಿಸಿ ಬರುತ್ತೇನೆ ಎಂದರು. ‘ಇವತ್ತು ಗ್ರೌಂಡಿಗೆ ಕಾಲಿಟ್ರೆ ಈ ಮನೆಗೆ ಕಾಲಿಡ್ಬೇಡಿ’ ಎಂದೆ. ಅವರು ಸರಿ, ಹೋಗಲ್ಲ ಎಂದು ಎದ್ದು ಹೊರಗೆ ಹೋದರು. ಗೆದ್ದೆ ಅಂದುಕೊಂಡು ನಾನು ಗುಡಿಗೆ ಉಡುವ ಬಟ್ಟೆ ತೆಗೆದಿಟ್ಟು ಕಾದೆ.

ನನ್ನ ಮೇಲಿನ ಹಠಕ್ಕೆ ಅವರು ಗಣಿಗೆ ಹೋದರು ಎಂದು ಇಷ್ಟು ವರ್ಷ ನಂಬಿದ್ದೆ. ಬೇರೆ ಯಾರಾದರೂ ಕಳಿಸಿದ್ದಾರೆ ಎಂದು ಒಂದು ದಿನ ಗೊತ್ತಾಗಲಿ ಎಂದು ಆಸೆಪಟ್ಟಿದ್ದೆ. ಈಗ ಗೊತ್ತಾಯಿತು. ಹೊರೆ ಇಳಿಯುತ್ತದೆ ಎಂದುಕೊಂಡಿದ್ದೆ, ಇಳಿಯಲಿಲ್ಲ. ನೀವು ಕೇಳಿದಿರಿ, ಅವರು ಒಪ್ಪಿದರು, ಒಪ್ಪುವ ಹಾಗೆ ಮಾಡಿಟ್ಟವಳು ನಾನು. ಇದನ್ನು ಹೇಗೆ ಹಂಚಬೇಕೋ ನನಗೆ ತಿಳಿಯುತ್ತಿಲ್ಲ.

ಒಳಗೆ ಇನ್ನು ಯಾರೂ ಬದುಕಿರಲಾರರು, ಬೆಂಕಿ ಆರಿಸಲು ಗಣಿಗೆ ನೀರು ಬಿಡುತ್ತೇವೆ, ಒಪ್ಪಿಗೆಯ ಮುದ್ರೆ ಒತ್ತಿ ಎಂದು ಮೂರನೇ ದಿನ ಗಣಿಯವರು ಹೆಂಗಸರೆದುರು ಕಾಗದ ಹಿಡಿದರಲ್ಲ, ಅದಕ್ಕೂ ಒತ್ತಿದ್ದೇನೆ.

ಒಂದೇ ಒಂದು ಕೇಳುತ್ತೇನೆ. ಬಾವಿಕಟ್ಟೆಯ ಹತ್ತಿರ ಅವರು ನನ್ನ ವಿಷಯ ಏನಾದರೂ ಅಂದರೇ?

ಎಗಾಶಿರ ಮಾತ್ಸುನೊ


ಸಕಾಯಿ
ಜುಲೈ 12

ಎಗಾಶಿರ ಅವರ ಮನೆಯವರಿಗೆ,

ಅಕ್ಷರ ನನ್ನದಲ್ಲ. ನರ್ಸ್ ಒಬ್ಬಳು ಬರೆದುಕೊಡುತ್ತಿದ್ದಾಳೆ. ಕಳೆದ ನವೆಂಬರಿನಿಂದ ಆಸ್ಪತ್ರೆಯಲ್ಲಿದ್ದೇನೆ. ಗಣಿಯ ದೂಳು ಎದೆಯಲ್ಲಿ ಕೂತಿದೆ. ಒಣಮೀನನ್ನು ಅಂಗಡಿಯವರಿಗೆ ಹೇಳಿ ಕಳಿಸಿದ್ದೆ. ಆರೋಗ್ಯ ಚೆನ್ನಾಗಿದೆ ಎಂದು ಬರೆದದ್ದು ಸುಳ್ಳು.

ಅಂದರು. ಮೇ ತಿಂಗಳ ಕಾಗದದಲ್ಲಿ ಅದನ್ನು ಬೇಕೆಂದೇ ಬಿಟ್ಟೆ. ನಿಮಗೆ ನೋವಾಗುತ್ತದೆ ಎಂದುಕೊಂಡೆ. ಈಗ ಬರೆಸುವುದು ಸರಿಯೋ ಅಲ್ಲವೋ ಗೊತ್ತಾಗುತ್ತಿಲ್ಲ, ಆದರೆ ನೀವು ಕೇಳಿದ್ದೀರಿ.

‘ಗ್ರೌಂಡಿಗೆ ಹೋದ್ರೆ ಮನೆ ಸೇರಿಸಲ್ಲ ಅಂದಿದಾಳೆ. ಗಣಿಗೆ ಹೋಗ್ಬೇಡಿ ಅಂದಿಲ್ವಲ್ಲ’ ಎಂದರು. ನಗುತ್ತಲೇ ಅಂದರು. ಸಿಟ್ಟಿರಲಿಲ್ಲ. ಆಮೇಲೆ, ಮೂರು ಗಂಟೆಗೆ ಪಾಳಿ ಮುಗಿಯುತ್ತದೆ, ನಾಲ್ಕಕ್ಕೆ ಗಂಡಹೆಂಡತಿ ಇಬ್ಬರೂ ಎಲ್ಲಿಗೋ ಹೋಗಬೇಕು ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಈಗ ತಿಳಿಯಿತು.

ನರ್ಸ್ ಇಲ್ಲಿಗೆ ಸಾಕು ಎನ್ನುತ್ತಿದ್ದಾಳೆ.

ಕುರೊಗಿ


ಶಿರೊತಾನಿ
ಅಕ್ಟೋಬರ್ 16

ಕುರೊಗಿ,

ಮೊನ್ನೆ ನಾನು ಬಂದುಹೋದದ್ದಕ್ಕೆ ಅರ್ಥವೇನು ಎಂದು ನೀನು ಯೋಚಿಸುತ್ತಿರಬಹುದು. ಹೇಳಬೇಕಾದ್ದನ್ನು ಹೇಳದೆ ಬಂದೆ, ಆದ್ದರಿಂದ ಬರೆಯುತ್ತಿದ್ದೇನೆ.

ಗಣಿ ಮುಚ್ಚಿತು. ಮುಂದಿನ ತಿಂಗಳು ನಾನು ನಾದಿನಿಯ ಮನೆಗೆ ಹೋಗುತ್ತೇನೆ. ಅದಕ್ಕೆ ಮುಂಚೆ ನಿನ್ನನ್ನು ನೋಡಿ, ಕ್ಷಮಿಸಿದ್ದೇನೆ ಎಂದು ಬಾಯಿ ಬಿಟ್ಟು ಹೇಳಿ ಬರಬೇಕೆಂದು ಹೊರಟಿದ್ದೆ. ರೈಲಿನಲ್ಲಿ ಉದ್ದಕ್ಕೂ ಅದನ್ನೇ ಅಭ್ಯಾಸ ಮಾಡಿದೆ. ನೀನು ಅಷ್ಟು ಸಣ್ಣಗಾಗಿರುತ್ತೀ ಎಂದು ತಿಳಿದಿರಲಿಲ್ಲ. ಬೇಲಿಯಾಚೆ ಚೆಂಡು ಹೊಡೆದ ತೋಳು ಹೊದಿಕೆಯ ಮೇಲೆ ಬಿದ್ದಿತ್ತು. ನೀನು ‘ಬಂದ್ರಾ’ ಎಂದೆ. ನಾನು ‘ಬಂದೆ’ ಎಂದೆ. ಅಷ್ಟೇ.

ಆ ಮಾತಿಗಾಗಿ ಒಳಗೆ ಹುಡುಕಿದೆ. ಸಿಗಲಿಲ್ಲ. ಸಿಟ್ಟಾದರೂ ಇದೆಯೇ ಎಂದು ಹುಡುಕಿದೆ, ಅದೂ ಸಿಗಲಿಲ್ಲ. ಮರಸೇಬಿನ ಸಿಪ್ಪೆ ತೆಗೆದು ಕೊಟ್ಟೆ. ನೀನು ಎರಡು ಹೋಳು ತಿಂದೆ, ಮೂರನೆಯದಕ್ಕೆ ಏದುಸಿರು ಹತ್ತಿತು. ಪಕ್ಕದ ಹಾಸಿಗೆಯವರ ರೇಡಿಯೋದಲ್ಲಿ ಬೇಸ್‌ಬಾಲ್ ಬರುತ್ತಿತ್ತು. ಆರಿಸಿ ಎಂದು ನೀನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನಿನಗೆ ನಿದ್ದೆ ಬಂತು. ನಾನು ಆಟ ಮುಗಿಯುವವರೆಗೂ ಕೂತಿದ್ದೆ.

ಹೊರಡುವಾಗ ನಿನ್ನ ಕಾಗದ ಬರೆದುಕೊಟ್ಟ ನರ್ಸ್ ಮೊಗಸಾಲೆಯಲ್ಲಿ ನಿಲ್ಲಿಸಿದಳು. ನಿನ್ನನ್ನು ನೋಡಲು ಒಂದು ವರ್ಷದಿಂದ ಯಾರೂ ಬಂದಿರಲಿಲ್ಲವಂತೆ. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ನೀನು ಏನೂ ಬರೆಸಿಲ್ಲವಂತೆ. ‘ನೀವು ಅವರಿಗೆ ಏನಾಗ್ಬೇಕು?’ ಎಂದು ಕೇಳಿದಳು.

ಪೆನ್ನು ಹಿಡಿದು ನಿಂತಿದ್ದಳು, ಅವಳಿಗೂ ಬೇರೆ ಕೆಲಸವಿತ್ತು. ಅಕ್ಕ ಎಂದೆ. ಅವಳು ಹಾಗೇ ಬರೆದುಕೊಂಡು, ನಾದಿನಿಯ ಮನೆಯ ವಿಳಾಸ ಕೇಳಿ ತೆಗೆದುಕೊಂಡಳು.

ಮಾತ್ಸುನೊ